ಅರವತ್ತೊಂದನೇ ಉತ್ತರ

ಅವಳನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ತಮ್ಮ ಕರೆಯುವುದು ಸರಿ, ಅದು ಅವನ ಹಕ್ಕು. ಆದರೆ ತಮ್ಮನ ಹೆಂಡತಿಗೂ ಅವಳು ಅಕ್ಕ, ಮೇಲಿನ ಮಹಡಿಯವರಿಗೂ ಅಕ್ಕ, ಕೊನೆಗೆ ಅವಳಿಗಿಂತ ಎಷ್ಟೋ ಚಿಕ್ಕವನಾದ ಅವಳ ಮೇಲಧಿಕಾರಿಗೂ ಅಕ್ಕ. ಒಂದು ಸಲ ಹಾಗೆ ಅನ್ನಿಸಿಕೊಂಡರೆ ಮುಗಿಯಿತು. ಆಮೇಲೆ ಯಾವ ಕೆಲಸ ಯಾರದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಎಲ್ಲವೂ ಅಕ್ಕನದೇ.

ಮನೆ ಕಂಪ್ಯೂಟರುಗಳಿಗೆ ಆಪರೇಟಿಂಗ್ ಸಿಸ್ಟಂ ಮಾಡಿ ಮಾರುವ ಕಂಪನಿಯೊಂದರ ಸಹಾಯವಾಣಿಯಲ್ಲಿ ಅವಳಿಗೆ ಕೆಲಸ, ಅದೂ ಮನೆಯಿಂದಲೇ. ವಾಣಿ ಅನ್ನುವುದು ಹೆಸರಿಗಷ್ಟೇ. ಅಲ್ಲಿ ಮಾತಿಲ್ಲ ಕತೆಯಿಲ್ಲ, ಬರೀ ಟೈಪಿಂಗು. ಗಿರಾಕಿ ತನ್ನ ಕಷ್ಟ ಬರೆಯುತ್ತಾನೆ, ಇವಳು ಪರಿಹಾರ ಬರೆಯುತ್ತಾಳೆ. ಅದೂ ಒಬ್ಬರಿಗಲ್ಲ; ತೆರೆಯ ಮೇಲೆ ಮೂರು ಕಿಟಕಿ, ಮೂರು ಕಿಟಕಿಗೂ ಮೂವರು ಗಿರಾಕಿಗಳು, ಮೂವರಿಗೂ ತನ್ನೊಬ್ಬನನ್ನೇ ಈ ಹೆಂಗಸು ನೋಡಿಕೊಳ್ಳುತ್ತಿದ್ದಾಳೆ ಅನ್ನಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತಿ ಕೊಟ್ಟವರು ಅದನ್ನು ಬಹಳ ಉತ್ಸಾಹದಿಂದ ವಿವರಿಸಿದ್ದರು. "ಹಳೇ ಮನೆ ಕಂಪ್ಯೂಟರುಗಳನ್ನ ನೆನಪು ಮಾಡ್ಕೊಳ್ಳಿ. ಪ್ರೊಸೆಸರ್ ಒಂದೇ ಒಂದು. ಅಂದ್ರೆ ಲೆಕ್ಕ ಹಾಕೋ ತಲೆ ಒಂದೇ. ಆದ್ರೂ ಹಾಡೂ ಹಾಡ್ತಿತ್ತು, ಕಾಗದಾನೂ ಬರೀತಿತ್ತು, ಪ್ರಿಂಟೂ ತೆಗೀತಿತ್ತು. ಹೇಗೆ? ಇದನ್ನ ಚೂರು ಮಾಡೋದು, ಬಿಡೋದು, ಅದನ್ನ ಚೂರು ಮಾಡೋದು, ಬಿಡೋದು. ಎಷ್ಟು ಬೇಗ ಅಂದ್ರೆ ನೋಡೋರಿಗೆ ಎಲ್ಲಾ ಒಟ್ಟಿಗೇ ನಡೀತಿದೆ ಅನ್ಸೋದು. ನೀವೂ ಅಷ್ಟೇ!"

ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗೆಲ್ಲ, ಬಿಟ್ಟದ್ದು ಎಲ್ಲಿಗೆ ನಿಂತಿತ್ತು ಅಂತ ನೆನಪಿಟ್ಟುಕೊಳ್ಳಬೇಕು, ಹಿಡಿದದ್ದು ಎಲ್ಲಿಂದ ಶುರು ಅಂತ ನೆನಪಿಸಿಕೊಳ್ಳಬೇಕು, ಅರ್ಧ ಜೀವ ಆ ಓಡಾಟಕ್ಕೇ ಹೋಗುತ್ತದೆ ಅನ್ನುವುದನ್ನು ಮಾತ್ರ ಆ ಪುಣ್ಯಾತ್ಮರು ಹೇಳಲಿಲ್ಲ. ಅದು ಅಕ್ಕನಿಗೆ ತಾನಾಗಿಯೇ ಗೊತ್ತಾಯಿತು.

ತೆರೆಯ ಮೇಲೆ ಇಲ್ಲದ ನಾಲ್ಕನೇ ಗಿರಾಕಿ ಪಕ್ಕದ ಕೋಣೆಯಲ್ಲಿದ್ದಳು. ಚಿಕ್ಕಮ್ಮ. ತಾಯಿ ತೀರಿಕೊಂಡ ಮೇಲೆ ಅಕ್ಕನನ್ನೂ ತಮ್ಮನನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ ಹೆಂಗಸು, ಮದುವೆಯ ಗೊಡವೆಗೇ ಹೋಗದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು. ಆರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಅಂದಿನಿಂದ ಮಂಚದಿಂದ ಎಬ್ಬಿಸುವುದಕ್ಕೂ ಕೂರಿಸುವುದಕ್ಕೂ ಒಬ್ಬರು ಬೇಕು. ಎಬ್ಬಿಸಿ ಕೈಗೆ ವಾಕರ್ ಕೊಟ್ಟರೆ ಮನೆಯೆಲ್ಲ ಸುತ್ತುತ್ತಾಳೆ, ಎಬ್ಬಿಸುವವರೆಗೆ ನಾಲಿಗೆಯೊಂದೇ ಓಡಾಡುವುದು.

"ಲೇ, ಬಂದ್ಯಾ?"

"ಬಂದೆ ಇರು ಚಿಕ್ಕಮ್ಮ, ಮೂರು ಜನ ಇದ್ದಾರೆ."

"ಮೂರು ಜನಕ್ಕೇ ಇಷ್ಟು ಬಡ್ಕೋತೀಯ. ನಾವು ಒಬ್ಬೊಬ್ರೂ ಎಷ್ಟು ಲೈನು ನೋಡ್ತಿದ್ವಿ ಗೊತ್ತಾ? ಮಧ್ಯೆ ಸ್ವೆಟರೂ ಹೆಣೀತಿದ್ದೆ ನಾನು."

ಚಿಕ್ಕಮ್ಮನ ಮಾತಿಗೆ ನಗು ಬರುತ್ತಿದ್ದ ಕಾಲವೊಂದಿತ್ತು. ಈಗ ಬರುತ್ತಿರಲಿಲ್ಲ. ಅಕ್ಕನಿಗೆ ಸಾಕಾಗಿಹೋಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಚಿಕ್ಕಮ್ಮನ ಮೇಲೆ ಪ್ರೀತಿಯಿತ್ತು, ಸಾಕಾಗಿಯೂ ಇತ್ತು, ಎರಡೂ ಒಂದೇ ಮೈಯಲ್ಲಿ ಕೂತಿದ್ದವು.

ಸಾಲದ್ದಕ್ಕೆ ಈಗ ಕೈ ಬೇರೆ. ಬಲಗೈ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿತ್ತು. ಮೊದಲು ಹೆಬ್ಬೆರಳು ಜುಮುಗುಟ್ಟಿತು, ಆಮೇಲೆ ತೋರುಬೆರಳು, ನಡುಬೆರಳು. ಲೋಟ ಹಿಡಿದರೆ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಸೂಜಿಯಿಂದ ಚುಚ್ಚಿ ನೋಡಿ, "ಆಪರೇಷನ್ ಸಣ್ಣದು. ಆದರೆ ಆರು ವಾರ ಭಾರ ಎತ್ತೋ ಹಾಗಿಲ್ಲ," ಅಂದರು. ಅಕ್ಕ ದಿನ ಗೊತ್ತು ಮಾಡಿಕೊಂಡು ಬಂದಳು, ಮುಂದಕ್ಕೆ ಹಾಕಿಸಿದಳು. ಮತ್ತೆ ಗೊತ್ತು ಮಾಡಿದಳು, ಮತ್ತೆ ಮುಂದಕ್ಕೆ ಹಾಕಿಸಿದಳು. ಈ ಸಲ ಡಾಕ್ಟರು ಕನ್ನಡಕ ತೆಗೆದಿಟ್ಟು, "ಇನ್ನೂ ಎಳೆದಾಡಿದರೆ ಬೆರಳಿನ ಬಲ ವಾಪಸು ಬರುತ್ತೆ ಅಂತ ನಾನು ಹೇಳಲಾರೆ. ಟೈಪ್ ಮಾಡಿಯೇ ಊಟ ಮಾಡೋರು ನೀವು, ಯೋಚನೆ ಮಾಡಿ," ಅಂದರು.

ಯೋಚನೆ ಮಾಡುವುದೇನು ಬಂತು. ಭಾರ ಎತ್ತಬಾರದು ಅಂದರೆ ಚಿಕ್ಕಮ್ಮನನ್ನು ಎತ್ತಬಾರದು. ಚಿಕ್ಕಮ್ಮನನ್ನು ಇವಳು ಎತ್ತದಿದ್ದರೆ ತಮ್ಮ ಎತ್ತಬೇಕು. ತಮ್ಮನನ್ನು ಕೇಳಬೇಕು. ಅಲ್ಲಿಗೆ ಬಂದು ಅವಳ ಬಾಯಿಗೆ ಬೀಗ ಬೀಳುತ್ತಿತ್ತು.

ತಮ್ಮ ದೂರದಲ್ಲೇನೂ ಇರಲಿಲ್ಲ. ಅದೇ ಊರು, ಎರಡು ಬಸ್ ನಿಲ್ದಾಣದಾಚೆ ಮನೆ, ಅದರಾಚೆ ಅವನ ಕನ್ನಡಕದ ಅಂಗಡಿ. ಮನೆಯವರು ಇಟ್ಟ ಅಡ್ಡಹೆಸರು ಪುಟ್ಟ. ಈಗ ತಲೆ ಬೋಳಾಗಿ ಹೊಟ್ಟೆ ಮುಂದೆ ಬಂದಿದ್ದರೂ ಪುಟ್ಟನೇ. ಪ್ರತಿ ಭಾನುವಾರ ತಪ್ಪದೆ ಬರುತ್ತಾನೆ, ಚಿಕ್ಕಮ್ಮನ ಮಂಚದ ಪಕ್ಕ ಕೂತು ಕಿತ್ತಳೆ ಸುಲಿದು ಕೊಡುತ್ತಾನೆ, ನಗಿಸುತ್ತಾನೆ, ಹೊರಡುವಾಗ, "ಅಕ್ಕ, ನೀನು ಸ್ವಲ್ಪ ಆರೋಗ್ಯ ನೋಡ್ಕೋ," ಅಂತ ಉಪದೇಶ ಮಾಡಿ ಹೋಗುತ್ತಾನೆ. ಸಿಪ್ಪೆ ಎತ್ತುವುದು ಅಕ್ಕ.

ಹೋಗಲಿ, ಅವಳೇ ಯಾಕೆ ಬಾಯಿಬಿಟ್ಟು ಕೇಳಬಾರದು? ಕೇಳುವುದಕ್ಕೆ ಅಭಿಮಾನ ಅಡ್ಡ ಬರುತ್ತಿತ್ತು. ಚಿಕ್ಕಮ್ಮ ಬಿದ್ದ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೂ ಮುಂದೇನು ಅಂತ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅಕ್ಕ, "ನಾನು ನೋಡ್ಕೋತೀನಿ," ಅಂದುಬಿಟ್ಟಿದ್ದಳು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಅಂದಳು. ಆ ಒಂದು ಮಾತಿನ ಮೇಲೆ ಆರು ವರ್ಷದಿಂದ ಸಂಸಾರ ನಿಂತಿತ್ತು. ಈಗ ಆಗುವುದಿಲ್ಲ ಅಂದರೆ ಸೋತೆ ಅಂದ ಹಾಗೆ. ಅದಕ್ಕೆ ಅವಳು ದಿನಾ ಪುಟ್ಟನಿಗೆ ಮೆಸೇಜು ಬರೆಯುತ್ತಿದ್ದಳು, ದಿನಾ ಅಳಿಸುತ್ತಿದ್ದಳು.

ಹೀಗೆ ಬರೆದು ಅಳಿಸುವುದಕ್ಕೂ ಬೆರಳು ಬೇಕಲ್ಲ. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಅದು ಅವಳ ಕಸುಬಿನವರಿಗೆ ಮಾತ್ರ ಹೊಳೆಯುವಂಥ ಉಪಾಯ.

ಸಹಾಯವಾಣಿಯಲ್ಲಿ ಎಲ್ಲ ಉತ್ತರವನ್ನೂ ಹೊಸದಾಗಿ ಬರೆಯುತ್ತ ಕೂರುವುದಿಲ್ಲ. ಪದೇ ಪದೇ ಬರುವ ಪ್ರಶ್ನೆಗಳಿಗೆ ಕಂಪನಿಯೇ ಅರವತ್ತು ಸಿದ್ಧ ಉತ್ತರಗಳನ್ನು ಮಾಡಿಟ್ಟಿದೆ. ಮೂರು ಅಂತ ಒತ್ತಿ ಎಂಟರ್ ಹೊಡೆದರೆ ಕ್ಷಮಾಪಣೆ. ಹದಿನೇಳು ಪಾಸ್‌ವರ್ಡು. ಐವತ್ತೊಂದು, ಎರಡು ಪ್ರೊಸೆಸರಿನ ವಿಷಯ. ಅಂಕಿ ಒತ್ತಿದ್ದೇ ತಡ ಇಡೀ ಉತ್ತರ ಗಿರಾಕಿಯ ಕಿಟಕಿಗೆ ಹೊರಟುಹೋಗುತ್ತದೆ. ಕಳಿಸುವ ಮುಂಚೆ ಓದಿ ನೋಡಲು ಬಿಡುವುದಿಲ್ಲ, ಅಷ್ಟು ಹೊತ್ತು ಉಳಿತಾಯ ಅಂತ ಕಂಪನಿಯ ಲೆಕ್ಕ. ಬೇಕಾದರೆ ನಮ್ಮದೇ ಉತ್ತರಗಳನ್ನೂ ಸೇರಿಸಿಕೊಳ್ಳಬಹುದು, ಆ ಕಂಪ್ಯೂಟರಿನಲ್ಲಿ ಎಲ್ಲಿ ಒತ್ತಿದರೂ ಅವು ಕೆಲಸ ಮಾಡುತ್ತವೆ. ಅಕ್ಕ ಪುಟ್ಟನಿಗೆ ಬರೆದದ್ದನ್ನು ಅರವತ್ತೊಂದನೇ ಉತ್ತರವಾಗಿ ಸೇರಿಸಿಟ್ಟಳು. ಧೈರ್ಯ ಬಂದ ದಿನ ಅವನ ಕಿಟಕಿ ತೆರೆದು ಒಂದು ಅಂಕಿ ಒತ್ತಿದರಾಯಿತು. ಧೈರ್ಯ ಬರಲಿಲ್ಲ. ಉತ್ತರ ಅಲ್ಲೇ ಕೂತಿತ್ತು.

ಆ ಗುರುವಾರ ಮಧ್ಯಾಹ್ನ ಮೊದಲ ಕಿಟಕಿಯಲ್ಲಿ ಪಾಸ್‌ವರ್ಡ್ ಮರೆತ ಹೆಂಗಸು. ಎರಡನೆಯದರಲ್ಲಿ ಪ್ರಿಂಟರಿನ ಜೊತೆ ಜಗಳಕ್ಕೆ ಬಿದ್ದವನು. ಮೂರನೆಯದರಲ್ಲಿ ಒಬ್ಬ ನಕ್ಷೆಗಾರ. ಇನ್ನೂ ಕಟ್ಟದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಅಂತ ಚಿತ್ರ ಮಾಡಿಕೊಡುವವನು. ಗೋಡೆ, ಕಿಟಕಿ, ಕಿಟಕಿಯಿಂದ ನೆಲಕ್ಕೆ ಬೀಳುವ ಬಿಸಿಲು, ಎಲ್ಲದಕ್ಕೂ ಕಂಪ್ಯೂಟರು ಲೆಕ್ಕ ಹಾಕಬೇಕು. ಒಂದೊಂದು ಚಿತ್ರಕ್ಕೂ ಅರ್ಧ ದಿನ ಕಾಯಬೇಕು.

"ಕಾದು ಕಾದು ಸಾಕಾಗಿ, ಮುಚ್ಚಿಹೋದ ಸ್ಟುಡಿಯೋದಿಂದ ಎರಡು ಪ್ರೊಸೆಸರ್ ಇರುವ ದೊಡ್ಡ ಯಂತ್ರ ತಂದೆ," ಅಂತ ಅವನು ಬರೆದಿದ್ದ. "ನಿಮ್ಮ ಆಪರೇಟಿಂಗ್ ಸಿಸ್ಟಂನ ಹೋಂ ಎಡಿಶನ್ ಹಾಕಿದೆ. ಎಂಟು ತಿಂಗಳಾಯಿತು. ಎರಡು ತಲೆ ಇದ್ದರೂ ಒಂದು ತಲೆಯ ಕೆಲಸವೇ ಆಗುತ್ತಿದೆ. ಯಂತ್ರ ಕೆಟ್ಟಿದೆಯಾ, ನನಗೆ ತಲೆ ಕೆಟ್ಟಿದೆಯಾ, ಹೇಳಿ."

ಐವತ್ತೊಂದನೇ ಉತ್ತರ ಇದಕ್ಕೆಂದೇ ಇತ್ತು. ಅದೇ ಹೊತ್ತಿಗೆ ಪ್ರಿಂಟರಿನವನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆದು ಕಿರುಚಿದ. ಅದೇ ಹೊತ್ತಿಗೆ ಚಿಕ್ಕಮ್ಮ, "ಲೇ, ತಡ್ಕೊಳಕ್ಕಾಗ್ತಿಲ್ಲ ಬಾರೇ," ಅಂದಳು. ಅಕ್ಕ ಅರ್ಧ ಎದ್ದು ನಿಂತೇ ಮೂರನೇ ಕಿಟಕಿಯಲ್ಲಿ ಅಂಕಿ ಒತ್ತಿದಳು. ಸತ್ತಂತಿದ್ದ ಬೆರಳು ಐದರ ಪಕ್ಕದ ಆರರ ಮೇಲೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಎಂಟರ್ ಹೊಡೆದು ಚಿಕ್ಕಮ್ಮನ ಕೋಣೆಗೆ ಓಡಿದಳು.

ವಾಪಸು ಬಂದು ನೋಡಿದಾಗ ನಕ್ಷೆಗಾರನ ಕಿಟಕಿಯಲ್ಲಿ ಅವಳ ಹೆಸರಲ್ಲಿ ಹೀಗೆ ಬರೆದಿತ್ತು:

"ಪುಟ್ಟ, ನನ್ನ ಬಲಗೈಗೆ ಆಪರೇಷನ್ ಆಗಬೇಕು. ಆರು ವಾರ ಚಿಕ್ಕಮ್ಮನನ್ನ ನಿಮ್ಮನೇಲಿ ಇಟ್ಕೋ. ಆಗಲ್ಲ ಅಂತ ಮಾತ್ರ ಹೇಳ್ಬೇಡ. ನನಗೆ ಸಾಕಾಗಿದೆ ಕಣೋ, ನಿಜವಾಗ್ಲೂ ಸಾಕಾಗಿದೆ."

ಅದರ ಕೆಳಗೆ ಗಿರಾಕಿಯ ಒಂದು ಸಾಲು. "ಇದೇನಮ್ಮ? ನಾನು ಕೇಳಿದ್ದು ಪ್ರೊಸೆಸರಿನ ವಿಷಯ."

ಒಮ್ಮೆ ಕಳಿಸಿದ್ದನ್ನು ವಾಪಸು ತೆಗೆಯುವ ಹಾಗಿಲ್ಲ. ಗಿರಾಕಿಯ ಹತ್ತಿರ ಮನೆಯ ಮಾತು ಆಡಿದರೆ ನೋಟಿಸು. ಅವಳ ಹೆಸರಿಗೆ ಆಗಲೇ ಒಂದಿತ್ತು, ಚಿಕ್ಕಮ್ಮ ಜ್ವರದಲ್ಲಿ ಮಲಗಿದ್ದಾಗ ಕಿಟಕಿಗಳನ್ನು ಬಿಟ್ಟು ಎದ್ದುಹೋಗಿದ್ದಕ್ಕೆ. ಎರಡನೆಯದು ಬಂದರೆ ಮನೆಯಿಂದ ಕೆಲಸ ಮಾಡುವುದು ಬಂದ್, ಆಫೀಸಿಗೇ ಹೋಗಬೇಕು. ಚಿಕ್ಕಮ್ಮನನ್ನು ಬಿಟ್ಟು ಆಫೀಸಿಗೆ ಹೋಗುವುದು ಅಂದರೆ ಕೆಲಸ ಬಿಟ್ಟ ಹಾಗೇ. ಅವಳು ಮೂರು ಒತ್ತಿದಳು. ಕಂಪನಿಯ ಕ್ಷಮಾಪಣೆ ಹೋಯಿತು: ತಮಗಾದ ಅನಾನುಕೂಲಕ್ಕೆ ನಾವು ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ.

"ವಿಷಾದ ಇರಲಿ," ಅಂತ ಬಂತು. "ಪುಟ್ಟ ಅನ್ನೋರು ಏನಂದ್ರು?"

"ಅವನು ನನ್ನ ತಮ್ಮ. ಅವನಿಗೆ ಕಳಿಸಿಲ್ಲ ಸರ್. ತಪ್ಪಿ ನಿಮಗೆ ಬಂತು."

"ಅಂದರೆ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಚೆನ್ನಾಗಿದೆ."

ಅಕ್ಕ ಸಿದ್ಧ ಉತ್ತರದ ಸಹವಾಸವೇ ಬೇಡ ಅಂತ, ನೋವು ನುಂಗಿಕೊಂಡು ಸ್ವಂತ ಮಾತಿನಲ್ಲಿ ಟೈಪ್ ಮಾಡಿದಳು. ನಿಮ್ಮ ಯಂತ್ರ ಕೆಟ್ಟಿಲ್ಲ ಸರ್. ಈಗಿನ ಒಂದೊಂದು ಪ್ರೊಸೆಸರಿನ ಒಳಗೂ ಕೋರ್ ಅನ್ನುವ ಎಂಟು, ಹದಿನಾರು ಚಿಕ್ಕ ತಲೆಗಳಿರುತ್ತವೆ. ಅಷ್ಟನ್ನೂ ಹೋಂ ಎಡಿಶನ್ ದುಡಿಸಿಕೊಳ್ಳುತ್ತದೆ. ಆದರೆ ಎರಡನೇ ಪ್ರೊಸೆಸರು ಬೇರೆಯದೇ ಜಾಗದಲ್ಲಿ ಕೂತಿರುತ್ತದೆ. ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದರೂ ಕೆಲಸಕ್ಕೆ ಹಚ್ಚುತ್ತದೆ, ಪಕ್ಕದ ಕೋಣೆಯವರನ್ನು ಕರೆಯುವುದಿಲ್ಲ, ಅಂತ ಇಟ್ಟುಕೊಳ್ಳಿ.

"ಪಕ್ಕದ ಕೋಣೆಯಲ್ಲಿ ಜನ ಇರೋದು ಅದಕ್ಕೆ ಗೊತ್ತಿಲ್ವಾ?"

"ಗೊತ್ತಿರುತ್ತೆ ಸರ್. ಹೋಂ ಎಡಿಶನ್ನಿಗೆ ಒಂದೇ ಅಂತ ನಿಯಮ ಮಾಡಿದ್ದಾರೆ. ಮನೆಯವರಿಗೆ ಎರಡು ಯಾಕೆ ಬೇಕು ಅಂತ. ಮೇಲಿನ ಎಡಿಶನ್ ಹಾಕಿಕೊಂಡರೆ ಎರಡೂ ಕೆಲಸ ಮಾಡುತ್ತವೆ."

"ಬೇರೆ ಯಂತ್ರ ಬೇಡವಾ? ಬಿಚ್ಚಿ ಏನಾದರೂ ಹಾಕಬೇಕಾ?"

"ಏನೂ ಬೇಡ. ಅದೇ ಯಂತ್ರ."

ಅವನ ಉತ್ತರ ಬಂತು. "ಎಂಟು ತಿಂಗಳು ನಾನು ಇದರ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದೇನೆ. ಅದು ಒಳಗೆ ಸುಮ್ಮನೆ ಬೆಚ್ಚಗೆ ಕೂತಿತ್ತು. ಅದನ್ನ ಬೈಯಬೇಕೋ, ನನ್ನನ್ನ ಬೈಕೋಬೇಕೋ ಗೊತ್ತಾಗ್ತಿಲ್ಲ."

ಯಂತ್ರವನ್ನು ಮನುಷ್ಯರಿಗೆ ಹೋಲಿಸಿ ಮಾತಾಡುವವರನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ, ದಿನಕ್ಕೊಬ್ಬ ಅಂಥವನು ಬರುತ್ತಿದ್ದ. ಇವತ್ತು ಮಾತ್ರ ಅವಳು ಆ ಸಾಲನ್ನು ಎರಡು ಸಲ ಓದಿದಳು. ಓದಿ, ಎಡಿಶನ್ ಬದಲಾಯಿಸುವುದು ಹೇಗೆ ಅಂತ ಬರೆದು, ಕಿಟಕಿ ಮುಚ್ಚಿದಳು.

ನಕ್ಷೆಗಾರ ಒಳ್ಳೆಯವನೇ. ಒಳ್ಳೆಯತನದಿಂದಲೇ ಎಡವಟ್ಟಾಯಿತು. ಹೋಗುವ ಮುಂಚೆ ಪೂರ್ತಿ ನಕ್ಷತ್ರ ಕೊಟ್ಟು, ಅಭಿಪ್ರಾಯದ ಜಾಗದಲ್ಲಿ, "ಬಹಳ ಚೆನ್ನಾಗಿ ತಿಳಿಸಿಕೊಟ್ಟರು. ಮೊದಲು ಬಂದ ಉತ್ತರ ಅವರ ತಮ್ಮನಿಗೆ ಸೇರಿದ್ದು, ದಯವಿಟ್ಟು ತಲುಪಿಸಿ," ಅಂತ ಬರೆದಿದ್ದ. ಕಡಿಮೆ ನಕ್ಷತ್ರದ್ದನ್ನು ಯಾರೂ ಓದುವುದಿಲ್ಲ, ಅಂಥವು ರಾಶಿ ಬಿದ್ದಿರುತ್ತವೆ. ಪೂರ್ತಿ ನಕ್ಷತ್ರ ಅಪರೂಪ, ಎಲ್ಲರೂ ಓದುತ್ತಾರೆ. ಸಂಜೆಯ ಕಾಫಿಗೆ ನೀರಿಡುವಷ್ಟರಲ್ಲಿ ಅವಳ ಮೇಲಧಿಕಾರಿ, ತಂಡದ ಲೀಡ್, ಫೋನ್ ಮಾಡಿದ.

"ಅಕ್ಕಾ, ನಮ್ಮಲ್ಲಿ ಇರೋದು ಅರವತ್ತು ಉತ್ತರ. ಈ ಅರವತ್ತೊಂದು ಯಾವ್ದು?"

ಅಕ್ಕ ಸುಳ್ಳು ಹೇಳಲು ಹೋಗಲಿಲ್ಲ. ಸುಳ್ಳಿಗೂ ಶಕ್ತಿ ಬೇಕು. ಇದ್ದದ್ದು ಇದ್ದ ಹಾಗೆ ಹೇಳಿದಳು, ಕೈ, ಡಾಕ್ಟರು, ಚಿಕ್ಕಮ್ಮ, ಪುಟ್ಟ. ಲೀಡ್ ಆ ಕಡೆಯಿಂದ ಹೂಂಗುಟ್ಟುತ್ತ ಕೇಳಿದ. ಅವನ ಹಿಂದೆಯೂ ಯಾರೋ ಅವನನ್ನು ಕರೆಯುತ್ತಿದ್ದರು.

"ಪರಿಶೀಲನೆಯವರು ಸೋಮವಾರ ನೋಡ್ತಾರೆ," ಅಂದ. "ನಾನು ಒಂದು ಮಾಡಬಹುದು. ಕೈ ತೊಂದರೆಯಿಂದ ತಪ್ಪು ಕೀ ಬಿತ್ತು, ಅದಕ್ಕೇ ಆಪರೇಷನ್ನಿಗೆ ಹೋಗ್ತಿದಾರೆ ಅಂತ ಬರೀತೀನಿ. ನೋಟಿಸು ಅಲ್ಲಿಗೇ ನಿಲ್ಲುತ್ತೆ. ಆದ್ರೆ ನೀವು ನಿಜವಾಗ್ಲೂ ಹೋಗ್ಬೇಕಕ್ಕ. ಸೋಮವಾರದಿಂದ ಮೆಡಿಕಲ್ ರಜೆ ಹಾಕಿ. ಮತ್ತೆ ಮುಂದಕ್ಕೆ ಹಾಕಿದ್ರಿ ಅಂದ್ರೆ ನನ್ನ ತಲೆ ಮೇಲೆ ಬರುತ್ತೆ."

"ಹಾಕ್ತೀನಿ," ಅಂದಳು ಅಕ್ಕ. ಫೋನ್ ಇಟ್ಟ ಮೇಲೆ ನೀರು ಕುದಿದು ಅರ್ಧ ಆಗುವ ತನಕ ಒಲೆಯ ಮುಂದೆ ನಿಂತೇ ಇದ್ದಳು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಕೇಳಲೇಬೇಕಿತ್ತು.

ಮೇಜಿಗೆ ಬಂದು ಪುಟ್ಟನ ಕಿಟಕಿ ತೆರೆದಳು. ಅದರಲ್ಲಿ ಹಿಂದಿನ ವಾರ ಅವನು ಕಳಿಸಿದ ಯಾವುದೋ ಬೆಕ್ಕಿನ ವಿಡಿಯೋ ಇತ್ತು. ಈ ಸಲ ಕಣ್ಣಿಟ್ಟು ನೋಡಿಯೇ ಆರು ಒತ್ತಿದಳು, ಒಂದು ಒತ್ತಿದಳು. ಎಂಟರ್.

ಅವನು ಏನೇನು ಅನ್ನಬಹುದು ಅಂತ ಅವಳು ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದಳು. ಅಂಗಡಿ ಯಾರು ನೋಡ್ಕೋತಾರೆ ಅನ್ನಬಹುದು, ಹೆಂಡ್ತೀನ ಒಂದು ಮಾತು ಕೇಳ್ತೀನಿ ಅನ್ನಬಹುದು, ನರ್ಸ್ ಇಡೋಣ ಅನ್ನಬಹುದು. ಒಂದೊಂದಕ್ಕೂ ಖಾರವಾದ ಜವಾಬನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು.

"ಸರಿ ಅಕ್ಕ," ಅಂತ ಬಂತು. "ಶನಿವಾರ ಬಂದು ಕರ್ಕೊಂಡು ಹೋಗ್ತೀನಿ." ಅದರ ಹಿಂದೆಯೇ ಇನ್ನೊಂದು. "ಮೊದಲೇ ಹೇಳ್ಬಾರ್ದಿತ್ತಾ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಲ್ಲ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಫೋನ್ ತೆಗೆದು ಅವನ ನಂಬರ್ ಒತ್ತಿದಳು.

"ಹೇಳು ಅಕ್ಕ, ಗಿರಾಕಿ ಇದ್ದಾರೆ."

"ಇರ್ಲಿ. ಏನಂದೆ ನೀನು? ಮೊದಲೇ ಹೇಳ್ಬಾರ್ದಿತ್ತಾ? ಭಾನುವಾರ ಭಾನುವಾರ ಬಂದು ಕೂತಿದ್ದೆಯಲ್ಲೋ, ನಾನು ಅವಳನ್ನ ಎತ್ತೋದು ನಿನಗೆ ಕಾಣ್ಲಿಲ್ವಾ? ಊರಿನವರ ಕಣ್ಣೆಲ್ಲಾ ಪರೀಕ್ಷೆ ಮಾಡ್ತೀಯ!"

ಅಂಗಡಿಯ ಬಾಗಿಲು ಕಿರ್ರೆಂದು ಹಾಕಿಕೊಂಡದ್ದು ಕೇಳಿಸಿತು. ಹೊರಗೆ ಬಂದಿರಬೇಕು, ಹಿಂದೆ ಬೀದಿಯ ಗದ್ದಲವಿತ್ತು.

"ಕಾಣ್ತಿತ್ತು," ಅಂದ. "ಒಂದು ಸಲ ನಾನೂ ಎತ್ತೋಕೆ ಎದ್ದು ಬಂದೆ, ನೆನಪಿದ್ಯಾ? ನೀನೇ, ನಿನಗೆ ಗೊತ್ತಾಗಲ್ಲ ಬಿಡು, ನಾನು ಮಾಡ್ತೀನಿ ಅಂತ ನನ್ನ ಕೈ ತೆಗೆಸಿದೆ. ಆಸ್ಪತ್ರೇಲೂ ಅಷ್ಟೇ. ನಾನು ಬಾಯಿ ತೆಗೆಯೋ ಮೊದಲೇ ನೀನು ನೋಡ್ಕೋತೀನಿ ಅಂದೆ. ನಾನು ಏನು ಹೇಳ್ಲಿ ಆಮೇಲೆ? ನನಗೂ ಸುಲಭ ಆಯ್ತು, ಸುಮ್ಮನಾದೆ. ಸುಳ್ಳು ಹೇಳಲ್ಲ."

ಅವನು ಹೇಳಿದ್ದು ನಿಜ. ನಿಜವಾದ್ದರಿಂದಲೇ ಅಕ್ಕನಿಗೆ ಇನ್ನಷ್ಟು ಸಂಕಟವಾಯಿತು. ಬೈಯಲು ತಂದಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಆರು ವರ್ಷ. ಒಂದು ಮಾತಿಗೆ ಆಗುತ್ತಿತ್ತು ಅನ್ನುವುದಾದರೆ ಆ ಆರು ವರ್ಷವನ್ನು ಈಗ ಎಲ್ಲಿಡುವುದು? ಅವನಿಗೂ ಕೊಡಲಾಗದು, ತಾನೂ ಇಟ್ಟುಕೊಳ್ಳಲಾಗದು.

"ಶನಿವಾರ ಬೇಗ ಬಾ," ಅಂದು ಫೋನ್ ಇಟ್ಟಳು.

ಚಿಕ್ಕಮ್ಮನಿಗೆ ಹೇಳುವ ಕೆಲಸ ಉಳಿದಿತ್ತು. ಕಾಫಿ ಕೊಡುವಾಗ ನಡೆದದ್ದನ್ನೆಲ್ಲ ಹೇಳಿದಳು. ಚಿಕ್ಕಮ್ಮ ಲೋಟ ಕೆಳಗಿಟ್ಟಳು.

"ಅವನ್ನ ಕೇಳಿದೆ. ಡಾಕ್ಟರನ್ನ ಕೇಳಿದೆ. ಯಾವನೋ ನಕ್ಷೆ ಬರೆಯೋನಿಗೂ ಗೊತ್ತು. ಹೋಗೋಳು ನಾನು, ನನ್ನ ಕೇಳಿದ್ಯೇನೇ?"

"ಹೋಗಲ್ಲ ಅಂತೀಯಾ?"

"ಕೇಳಿದ್ರೆ ತಾನೆ ಅನ್ನೋದು." ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅತ್ತ ತಿರುಗಿದ್ದಂತೆಯೇ, "ಕೈ ಅಷ್ಟು ನೋಯ್ತಿತ್ತಾ?" ಅಂತ ಕೇಳಿದಳು.

"ಹೂಂ."

"ಹೇಳ್ಬೇಕಪ್ಪ," ಅಂದಳು ಚಿಕ್ಕಮ್ಮ. ಅದೇ ಮಾತು, ಇನ್ನೊಂದು ಬಾಯಿಂದ. ಅಕ್ಕನಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ಇರಲಿಲ್ಲ.

ಶನಿವಾರ ಪುಟ್ಟ ಹೇಳಿದ್ದಕ್ಕಿಂತ ಮುಂಚೆಯೇ ಬಂದ. ಚಿಕ್ಕಮ್ಮನನ್ನು ಎಬ್ಬಿಸಲು ಹೋಗಿ ತೋಳು ಹಿಡಿದು ಜಗ್ಗಿದ, ಚಿಕ್ಕಮ್ಮ, "ಅಯ್ಯೋ, ಬಾಗಿಲು ಕಿತ್ತ ಹಾಗೆ ಕೀಳ್ತೀಯಲ್ಲೋ!" ಅಂತ ಕೂಗಿದಳು. ಅಕ್ಕನ ಕೈ ತಾನಾಗಿಯೇ ಮುಂದೆ ಹೋಯಿತು. ಬಾಯಿಯೂ ತೆರೆದಿತ್ತು, ನಿನಗೆ ಗೊತ್ತಾಗಲ್ಲ ಬಿಡು ಅಂತ. ಕಷ್ಟಪಟ್ಟು ಎರಡನ್ನೂ ತಡೆದಳು.

"ತೋಳಲ್ಲ," ಅಂದಳು. "ಮೊದಲು ಅವಳ ಕಾಲು ಕೆಳಗಿಳಿಸು. ಆಮೇಲೆ ನೀನು ಬಗ್ಗು, ಮಂಡಿಯಿಂದ, ಬೆನ್ನಿಂದ ಅಲ್ಲ. ಕೈ ಅವಳ ಹಿಂದೆ ಹಾಕು. ಅವಳು ನಿನ್ನ ಕುತ್ತಿಗೆ ಹಿಡ್ಕೋತಾಳೆ. ಈಗ ಏಳು, ನಿಧಾನ."

ಪುಟ್ಟ ಎದ್ದ. ಅವನ ಕುತ್ತಿಗೆಗೆ ಜೋತುಬಿದ್ದು ಚಿಕ್ಕಮ್ಮನೂ ಎದ್ದಳು. ಅವನ ಮುಖ ಕೆಂಪಾಗಿತ್ತು. "ಇಷ್ಟು ಭಾರ ಇದ್ದಾಳಾ?" ಅಂತ ಅಕ್ಕನ ಕಡೆ ನೋಡಿದ. ಆ ನೋಟದಲ್ಲಿ ಮೊದಲ ಸಲ ಏನೋ ಅರ್ಥವಾದಂತಿತ್ತು. ಅಕ್ಕ ಬೇರೆ ಕಡೆ ನೋಡಿದಳು.

ಬಟ್ಟೆ, ಔಷಧಿ, ಕನ್ನಡಕ, ಎರಡು ದಿಂಬು, ವಾಕರ್, ಎಲ್ಲ ಕಾರಿಗೆ ಹೋಯಿತು. ಪುಟ್ಟ ಚಿಕ್ಕಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸಾಮಾನು ಸರಿಮಾಡಲು ಹಿಂದಕ್ಕೆ ಹೋದ. ಅಕ್ಕ ಕಾರಿನ ಬಾಗಿಲ ಬಳಿ ಬಗ್ಗಿ ಬೆಲ್ಟ್ ಹಾಕಿದಳು. ಚಿಕ್ಕಮ್ಮ ಅವಳ ಎಡಗೈಯನ್ನು ಹಿಡಿದುಕೊಂಡಳು, ಬಲಗೈ ಬೇಡ ಅಂತ ಹುಡುಕಿ ಎಡಗೈಯನ್ನೇ.

"ಆರು ವಾರ ಆದ್ಮೇಲೆ ಕರ್ಕೊಂಡು ಹೋಗೋಕೆ ಬರ್ತೀಯಲ್ಲ?"

ನಗುತ್ತಲೇ ಕೇಳಿದಳು, ತಮಾಷೆಗೆ ಅನ್ನುವ ಹಾಗೆ. ಬರ್ತೀನಿ ಅಂತ ತಟ್ಟನೆ ಅಂದುಬಿಡಬೇಕಿತ್ತು. ಆ ಮಾತು ಅಕ್ಕನ ಗಂಟಲಲ್ಲಿತ್ತು. ಆದರೆ ಅದಕ್ಕೂ ಮೊದಲು, ಬೆಳಿಗ್ಗೆ ಎದ್ದು ಯಾರನ್ನೂ ಎತ್ತಬೇಕಾಗಿಲ್ಲದ ಮನೆ, ಯಾರೂ ಲೇ ಅಂತ ಕರೆಯದ ಮಧ್ಯಾಹ್ನ, ಬಾಗಿಲು ಹಾಕಿಕೊಂಡು ಮಲಗಬಹುದಾದ ಕೋಣೆ ಕಣ್ಣ ಮುಂದೆ ಬಂದವು. ಬರೀ ಒಂದು ಉಸಿರಿನಷ್ಟು ಹೊತ್ತು. ಅಷ್ಟು ಸಾಕಾಯಿತು.

"ಬರ್ತೀನಿ ಚಿಕ್ಕಮ್ಮ," ಅಂದಳು ಅಕ್ಕ.

ಚಿಕ್ಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ನಗು ಹಾಗೇ ಇತ್ತು.

"ಆರು ಬೇಡ," ಅಂದಳು. "ಎಂಟು ವಾರ ಮಾಡ್ಕೋ. ಕೈ ಪೂರ್ತಿ ಸರಿಯಾಗ್ಲಿ."

ಅಷ್ಟು ಹೇಳಿ ಕೈ ಬಿಟ್ಟು, "ನಡಿಯೋ ಪುಟ್ಟ, ಎಷ್ಟೊತ್ತೋ ನಿಂದು," ಅಂತ ಗದರಿ, ಗಾಜನ್ನು ತಾನೇ ಏರಿಸಿಕೊಂಡಳು. ಕಾರು ಬೀದಿಯ ತಿರುವು ದಾಟಿತು. ಅಕ್ಕ ಅಲ್ಲೇ ನಿಂತಿದ್ದಳು. ಹೆಗಲಿನಿಂದ ಭಾರ ಇಳಿದದ್ದು ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು, ಆ ಹಗುರವನ್ನು ಚಿಕ್ಕಮ್ಮ ತನಗಿಂತ ಮೊದಲು ಕಂಡುಬಿಟ್ಟಳಲ್ಲ ಅನ್ನುವುದೂ ಗೊತ್ತಾಗುತ್ತಿತ್ತು, ಹಾಡಹಗಲಲ್ಲಿ ಮನೆಯ ಮುಂದೆ ನಿಂತು ಅವಳು ಅತ್ತಳು.